ಹೊಸ ಲ್ಯಾಪ್‌ಟಾಪ್‌ಗೆ ವಿಂಡೋಸ್ 7: ಇಲ್ಲದ ಸಿಡಿ ಡ್ರೈವ್‌ಗೆ ಡ್ರೈವರ್ ಕೇಳುತ್ತಿದೆ

ಫಿಲ್ಮ್‌ಸುರುಳಿ:
ನನ್ನಲ್ಲಿ ಹಳೆಯ ಫಿಲ್ಮ್ ಸ್ಕ್ಯಾನರ್ ಒಂದಿದೆ. ಅದರ ಡ್ರೈವರ್ 32 ಬಿಟ್ ವಿಂಡೋಸ್ 7ಕ್ಕೇ ನಿಂತುಹೋಗಿದೆ, ತಯಾರಕರು ಮುಂದಿನದನ್ನು ಬರೆಯುವ ಗೋಜಿಗೇ ಹೋಗಲಿಲ್ಲ. ಹಳೆಯ ಕಂಪ್ಯೂಟರ್ ಕೈಕೊಟ್ಟಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್ 11 ತೆಗೆದು 7 ಹಾಕಲು ಹೊರಟಿದ್ದೇನೆ. ಸೆಕ್ಯೂರ್ ಬೂಟ್ (ಅಧಿಕೃತವಲ್ಲದ ವ್ಯವಸ್ಥೆ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಿ, ಸಿಎಸ್ಎಂ (ಹಳೆಯ ವ್ಯವಸ್ಥೆಗಳೂ ಬೂಟ್ ಆಗಲು ಬಿಡುವ ಸೌಲಭ್ಯ) ಆನ್ ಮಾಡಿದೆ. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ನೀಲಿ ಪರದೆಯ ಸೆಟಪ್ ಬರುತ್ತದೆ. ‘ಇನ್‌ಸ್ಟಾಲ್’ ಒತ್ತಿದರೆ ಸಿಡಿ/ಡಿವಿಡಿ ಡ್ರೈವ್‌ನ ಡ್ರೈವರ್ ಇಲ್ಲ ಎನ್ನುತ್ತದೆ. ಈ ಲ್ಯಾಪ್‌ಟಾಪ್‌ಗೆ ಸಿಡಿ ಡ್ರೈವೇ ಇಲ್ಲ! ಮೌಸ್ ಸತ್ತಂತಿದೆ, ಟಚ್‌ಪ್ಯಾಡ್ ಕೂಡ ಅಷ್ಟೇ. ಕೀಬೋರ್ಡ್ ಮಾತ್ರ ಕೆಲಸ ಮಾಡುತ್ತಿದೆ. ಪೆನ್‌ಡ್ರೈವ್ ಕೆಟ್ಟಿದೆಯೇ?

ಸ್ಕ್ರೂಡ್ರೈವರ್:
ಪೆನ್‌ಡ್ರೈವ್ ಚೆನ್ನಾಗಿಯೇ ಇದೆ. ಆ ಸಂದೇಶವನ್ನು ನಂಬಬೇಡಿ, ಅದು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ನಡೆಯುತ್ತಿರುವುದು ಇಷ್ಟು. ಬೂಟ್ ಆಗುವಾಗ ಪೆನ್‌ಡ್ರೈವ್ ಓದುವುದು ಲ್ಯಾಪ್‌ಟಾಪ್‌ನ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಒಳಗಿನ ತಂತ್ರಾಂಶ. ಅದು ಸೆಟಪ್ ಇರುವ ಬೂಟ್.ವಿಮ್ ಕಡತವನ್ನು ಪೂರ್ತಿಯಾಗಿ ರ‍್ಯಾಮ್‌ಗೆ ತಂದು ಸುರಿಯುತ್ತದೆ, ಆದ್ದರಿಂದಲೇ ಸೆಟಪ್ ಪರದೆ ಕಾಣುತ್ತದೆ. ಅಲ್ಲಿಂದಾಚೆ ಯುಎಸ್‌ಬಿಯನ್ನು ವಿಂಡೋಸ್ ತಾನೇ ನಡೆಸಬೇಕು. 2009ರ ಈ ವ್ಯವಸ್ಥೆಗೆ ಯುಎಸ್‌ಬಿ 3.0 ಗೊತ್ತಿಲ್ಲ. ತಾನು ಯಾವ ಪೆನ್‌ಡ್ರೈವ್‌ನಿಂದ ಎದ್ದು ಬಂತೋ ಅದೇ ಅದರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಕಡತಗಳಿಗಾಗಿ ಹುಡುಕಿ, ಸಿಗದೆ, ಸಿಡಿಯ ಮೇಲೆ ತಪ್ಪು ಹೊರಿಸುತ್ತದೆ. ಮೌಸ್‌ನ ಕಥೆಯೂ ಇದೇ. ಒಳಗಿನ ಕೀಬೋರ್ಡ್ ಯುಎಸ್‌ಬಿ ದಾರಿಯಲ್ಲಿ ಬರದೆ ಹಳೆಯ ಪಿಎಸ್/2 ರೀತಿಯಲ್ಲಿ ಬರುವುದರಿಂದ ಬಚಾವಾಗಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇನ್ನೂ ಏನನ್ನೂ ಅಳಿಸಿಲ್ಲ ತಾನೇ? ವಿಂಡೋಸ್ 11 ಬಂದ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಹಳ ಸಲ ಎನ್‌ಕ್ರಿಪ್ಟ್ ಆಗಿರುತ್ತದೆ. ಸೆಕ್ಯೂರ್ ಬೂಟ್ ಬದಲಾಯಿಸಿದರೆ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಸೌಲಭ್ಯ) ರಿಕವರಿ ಕೀ ಕೇಳಬಹುದು. ಆ ಕೀಯನ್ನು ಈಗಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಮಧ್ಯರಾತ್ರಿ:
ಹಾಕಲು ಆಗುವುದೇ ಇಲ್ಲ ಎಂದೇನಿಲ್ಲ. ಯುಎಸ್‌ಬಿ 3.0 ಡ್ರೈವರನ್ನೂ ಎನ್‌ವಿಎಂಇ ಡಿಸ್ಕ್‌ಗಾಗಿ (ಹೊಸ ಬಗೆಯ ವೇಗದ ಎಸ್ಎಸ್‌ಡಿ) ಮೈಕ್ರೋಸಾಫ್ಟ್‌ನ ಕೆಬಿ2990941 ಹಾಟ್‌ಫಿಕ್ಸನ್ನೂ (ತಿದ್ದುಪಡಿ) ಡಿಸ್ಮ್ ಎಂಬ ವಿಂಡೋಸ್ ಉಪಕರಣದ ಮೂಲಕ ಬೂಟ್.ವಿಮ್, ವಿಂಡೋಸ್‌ನ ಕಡತಗಳಿರುವ ಇನ್‌ಸ್ಟಾಲ್.ವಿಮ್ ಎರಡಕ್ಕೂ ಸೇರಿಸಬೇಕು. ಬೂಟ್.ವಿಮ್‌ನಲ್ಲಿ ಸೆಟಪ್ ಇರುವುದು ಎರಡನೆಯ ಇಂಡೆಕ್ಸ್‌ನಲ್ಲಿ (ಕಡತದೊಳಗಿನ ಎರಡನೆಯ ಭಾಗ), ಅದನ್ನು ಮರೆಯಬಾರದು. ಇಂಟೆಲ್ ಆರನೆಯ ತಲೆಮಾರಿನ ಯಂತ್ರದಲ್ಲಿ ನಾನು ಹೀಗೆ ಹಾಕಿದ್ದೇನೆ, ಇಂದಿಗೂ ಓಡುತ್ತಿದೆ.

ಸ್ಕ್ರೂಡ್ರೈವರ್:
ಆರನೆಯ ತಲೆಮಾರಿಗೆ ಇಂಟೆಲ್ ವಿಂಡೋಸ್ 7ರ ಗ್ರಾಫಿಕ್ಸ್ ಡ್ರೈವರ್ ಕೊಟ್ಟಿತ್ತು. ಏಳನೆಯದರಿಂದ ಅಧಿಕೃತ ಬೆಂಬಲವೇ ಇಲ್ಲ. ಹೊಸ ಯಂತ್ರದಲ್ಲಿ ಪರದೆಯ ಬೆಳಕು ಹೆಚ್ಚುಕಡಿಮೆ ಮಾಡಲಾಗದೆ, ವೈಫೈ ಇಲ್ಲದೆ, ಟಚ್‌ಪ್ಯಾಡ್ ಇಲ್ಲದೆ ಕುಳಿತಿರಬೇಕಾಗುತ್ತದೆ.

ಅದೆಲ್ಲ ಸಹಿಸಬಹುದು, ಆದರೆ ಈ ಪ್ರಶ್ನೆಯಲ್ಲಿ ಬೇರೊಂದು ಗಂಟಿದೆ. ಎನ್‌ವಿಎಂಇ ಡಿಸ್ಕ್‌ಗಳಿಂದ ಸಾಮಾನ್ಯವಾಗಿ ಬೂಟ್ ಆಗುವುದು ಯುಇಎಫ್ಐ ರೀತಿಯಲ್ಲಿ, ಅಂದರೆ ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಹೊಸ ವಿಧಾನದಲ್ಲಿ. ವಿಂಡೋಸ್ 7ರಲ್ಲಿ ಯುಇಎಫ್ಐ ಬೂಟ್ ಇರುವುದು 64 ಬಿಟ್ ಆವೃತ್ತಿಗೆ ಮಾತ್ರ. ಸ್ಕ್ಯಾನರ್‌ಗೆ ಬೇಕಾದದ್ದು 32 ಬಿಟ್. ಹರಸಾಹಸ ಮಾಡಿ 64 ಬಿಟ್ ಹಾಕಿದರೂ ಸ್ಕ್ಯಾನರ್ ಅಲುಗಾಡುವುದಿಲ್ಲ.

ಹಾಗಾಗಿ ನನ್ನ ಸಲಹೆ: ವಿಂಡೋಸ್ 11 ಇದ್ದಲ್ಲೇ ಇರಲಿ. ಸೆಕ್ಯೂರ್ ಬೂಟ್ ಮೊದಲಿನಂತೆ ಆನ್ ಮಾಡಿ, ವರ್ಚುವಲ್‌ಬಾಕ್ಸ್ (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿ, ಅದರೊಳಗೆ 32 ಬಿಟ್ ವಿಂಡೋಸ್ 7 ಹಾಕಿ. ನಿಮ್ಮ ಹಳೆಯ ಪರವಾನಗಿ ಕೀ ಬೇಕಾಗುತ್ತದೆ. ಎರಡು ಜಿಬಿ ರ‍್ಯಾಮ್ ಧಾರಾಳವಾಯಿತು. ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ 3.0 ಬಿಟ್ಟು 2.0 ಆರಿಸಿ, ಇಲ್ಲದಿದ್ದರೆ ಇದೇ ರಾಮಾಯಣ ಅಲ್ಲಿಯೂ ಶುರುವಾಗುತ್ತದೆ. ವರ್ಚುವಲ್‌ಬಾಕ್ಸ್‌ನ ಆ ಯಂತ್ರದಿಂದ ನೆಟ್‌ವರ್ಕ್ ಅಡಾಪ್ಟರ್ ಕಿತ್ತುಹಾಕಿ. 2020ರ ಜನವರಿ 14ಕ್ಕೆ ಸಾಮಾನ್ಯ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ ನಿಂತಿರುವ ವ್ಯವಸ್ಥೆಗೆ ಇಂಟರ್ನೆಟ್ ಏಕೆ? ಚಿತ್ರಗಳನ್ನು ಹೊರತರಲು ಶೇರ್ಡ್ ಫೋಲ್ಡರ್ ಸಾಕು.

ಫಿಲ್ಮ್‌ಸುರುಳಿ:
ವರ್ಚುವಲ್‌ಬಾಕ್ಸ್‌ನಲ್ಲಿ 7 ಸಲೀಸಾಗಿ ಕುಳಿತುಕೊಂಡಿತು. ಬಿಟ್‌ಲಾಕರ್ ಕೀ ನಿಜವಾಗಿಯೂ ಕೇಳಿತು, ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಸ್ಕ್ಯಾನರ್‌ಗೆ ಯುಎಸ್‌ಬಿ ಫಿಲ್ಟರ್ (ಸಾಧನವನ್ನು ನೇರವಾಗಿ 7ಕ್ಕೆ ಒಪ್ಪಿಸುವ ನಿಯಮ) ಕೂಡ ಹಾಕಿದ್ದೇನೆ. ಆದರೆ ಒಂದು ಕಾಟ ಉಳಿದಿದೆ. ಸ್ಕ್ಯಾನರ್ ಆನ್ ಮಾಡಿದರೆ ಒಂದು ಕ್ಷಣ 7ರೊಳಗೆ ಕಾಣಿಸುತ್ತದೆ, ‘ಟಣ್’ ಎನ್ನುತ್ತದೆ, ಕೂಡಲೇ ಮಾಯವಾಗಿ ವಿಂಡೋಸ್ 11ರ ಕಡೆ ಹೋಗಿ ಅಪರಿಚಿತ ಸಾಧನವಾಗಿ ಕೂರುತ್ತದೆ. ಕೇಬಲ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ.

ಸ್ಕ್ರೂಡ್ರೈವರ್:
ಕೇಬಲ್‌ನದು ತಪ್ಪಿಲ್ಲ. ಕೆಲವು ಸ್ಕ್ಯಾನರ್‌ಗಳ ಒಳಗೆ ಪೂರ್ತಿ ಫರ್ಮ್‌ವೇರ್ (ಸಾಧನವನ್ನು ನಡೆಸುವ ಒಳ ತಂತ್ರಾಂಶ) ಇರುವುದಿಲ್ಲ. ಆನ್ ಆದ ಮೇಲೆ ಡ್ರೈವರ್ ಅದನ್ನು ತುಂಬುತ್ತದೆ. ತುಂಬಿಸಿಕೊಂಡ ಸ್ಕ್ಯಾನರ್ ಯುಎಸ್‌ಬಿಯಿಂದ ಕಳಚಿಕೊಂಡು ಬೇರೆ ಪ್ರಾಡಕ್ಟ್ ಐಡಿ (ಮಾದರಿಯ ಗುರುತುಸಂಖ್ಯೆ) ಹೊತ್ತು ಮರಳಿ ಬರುತ್ತದೆ. ನಿಮ್ಮ ಫಿಲ್ಟರ್‌ನಲ್ಲಿರುವುದು ಮೊದಲ ಐಡಿ ಮಾತ್ರ, ಹಾಗಾಗಿ ಎರಡನೆಯ ಸಲ ವಿಂಡೋಸ್ 11 ಅದನ್ನು ಹಿಡಿದುಕೊಳ್ಳುತ್ತದೆ. ಫಿಲ್ಟರ್ ತೆರೆದು ವೆಂಡರ್ ಐಡಿ (ತಯಾರಕರ ಗುರುತುಸಂಖ್ಯೆ) ಒಂದನ್ನೇ ಉಳಿಸಿ. ಪ್ರಾಡಕ್ಟ್ ಐಡಿ, ಹೆಸರು, ರಿವಿಷನ್ ಎಲ್ಲವನ್ನೂ ಖಾಲಿ ಬಿಡಿ. ಖಾಲಿ ಬಿಟ್ಟ ಜಾಗಕ್ಕೆ ಯಾವುದಾದರೂ ಹೊಂದುತ್ತದೆ. ಫರ್ಮ್‌ವೇರ್ ತುಂಬುವ ಮೊದಲು ವೆಂಡರ್ ಐಡಿಯೂ ಬೇರೆಯಿದ್ದರೆ ಅದಕ್ಕೆ ಇನ್ನೊಂದು ಫಿಲ್ಟರ್ ಸೇರಿಸಿ.

ಫಿಲ್ಮ್‌ಸುರುಳಿ:
ವೆಂಡರ್ ಐಡಿ ಒಂದೇ ಇತ್ತು. ಪ್ರಾಡಕ್ಟ್ ಐಡಿ ಅಳಿಸಿದೆ, ಈಗ ಸ್ಕ್ಯಾನರ್ 7ರೊಳಗೇ ನಿಲ್ಲುತ್ತಿದೆ. ಪ್ರಿವ್ಯೂ ಬಂತು.