ತಂಗಿ ನಾಲ್ಕು ವರ್ಷದಿಂದ ಅಮೆರಿಕದಲ್ಲಿ ಇದ್ದಾಳೆ, ತೆರಿಗೆ ಲೆಕ್ಕಕ್ಕೆ ರೆಸಿಡೆಂಟಾ ಅಲ್ವಾ?

ಪ್ರಶ್ನೆ (ಶಿರಸಿ, ಹುಲೇಕಲ್ ಕಡೆಯಿಂದ):

ನಮಸ್ಕಾರ. ನಾನು ಊರಲ್ಲೇ ಅಡಿಕೆ ತೋಟ ನೋಡಿಕೊಂಡಿರುವವನು. ತಂಗಿ 2021ರ ಆಗಸ್ಟ್‌ನಲ್ಲಿ ಎಫ್-1 ವೀಸಾದಲ್ಲಿ ಟೆಕ್ಸಾಸ್‌ಗೆ ಓದಲು ಹೋದಳು. ಎಂಎಸ್ ಮುಗಿಸಿ ಒಪಿಟಿಯಲ್ಲಿ (ಓದು ಮುಗಿದಮೇಲೆ ಅದೇ ವೀಸಾದಲ್ಲಿ ಕೆಲಸ ಮಾಡಲು ಸಿಗುವ ಅವಕಾಶ) ಕೆಲಸ ಮಾಡಿದಳು. 2025ರ ಅಕ್ಟೋಬರ್ 1ರಿಂದ ಎಚ್-1ಬಿ, ಅಂದರೆ ಕೆಲಸದ ವೀಸಾ. ಈಗ 2025ರ ರಿಟರ್ನ್ ತುಂಬಬೇಕು. ಅವಳ ರೂಮ್‌ಮೇಟ್, "183 ದಿನ ಯಾವತ್ತೋ ದಾಟಿದೆ, ನೀನು ರೆಸಿಡೆಂಟ್, ರೆಸಿಡೆಂಟ್ ಆದವರ ರಿಟರ್ನ್ ಫಾರ್ಮ್ 1040 ಹಾಕು" ಅಂತಾಳಂತೆ. ತಪ್ಪು ಫಾರ್ಮ್ ಹಾಕಿದರೆ ಮುಂದೆ ವೀಸಾಕ್ಕೆ ತೊಂದರೆ ಆಗುತ್ತೇನೋ ಅಂತ ತಂಗಿಗೆ ಹೆದರಿಕೆ. ಮೊನ್ನೆ ಫೋನಿನಲ್ಲಿ ಅವಳ ದನಿ ಕೇಳಿ ನನಗೂ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. ಅಪ್ಪ ತೋಟದಲ್ಲಿ ಮುಕ್ಕಾಲು ಎಕರೆ ಅವಳ ಹೆಸರಿಗೆ ಮಾಡಿದ್ದಾರೆ. ಪಹಣಿ ಅವಳದ್ದೇ. ಅದರ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡು ಸೊಸೈಟಿಯಲ್ಲಿ ಅವಳ ಖಾತೆಗೇ ಬೀಳುತ್ತದೆ. ಇಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ಅಲ್ಲಿ ಹೇಳಬೇಕಾ?

ಉತ್ತರ 1 (ಊರು ಕುಮಟಾ, ಈಗ ನ್ಯೂಜೆರ್ಸಿ):

ತಮ್ಮಾ, ಹೆದರಬೇಡ. 2025ಕ್ಕೆ ಅವಳು ನಾನ್‌ರೆಸಿಡೆಂಟ್. ಫಾರ್ಮ್ 1040-ಎನ್‌ಆರ್ (ನಾನ್‌ರೆಸಿಡೆಂಟ್ ಆದವರ ರಿಟರ್ನ್), ಜೊತೆಗೆ ಓದಿನ ವೀಸಾದ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ತಿಳಿಸುವ ಫಾರ್ಮ್ 8843.

ರೆಸಿಡೆಂಟ್ ಆಗಲು ಬೇಕಾದ 183 ದಿನ ಅಂದರೆ ಸುಮ್ನೆ ಅಲ್ಲಿದ್ದ ದಿನಗಳನ್ನೆಲ್ಲ ಕೂಡುವುದಲ್ಲ. ಈ ವರ್ಷದ ದಿನಗಳು ಪೂರ್ತಿ, ಹೋದ ವರ್ಷದ್ದರಲ್ಲಿ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ್ದರಲ್ಲಿ ಆರನೇ ಒಂದು ಪಾಲು. ಆದರೆ ಎಫ್-1ರಲ್ಲಿ ಓದುವವರಿಗೆ ಐದು ಕ್ಯಾಲೆಂಡರ್ ವರ್ಷದ ತನಕ ದಿನಗಳೇ ಲೆಕ್ಕಕ್ಕೆ ಬರುವುದಿಲ್ಲ. ಒಪಿಟಿಯೂ ಎಫ್-1ರೊಳಗೇ. ನಿನ್ನ ತಂಗಿಗೆ 2021ರಿಂದ 2025, ಸರಿಯಾಗಿ ಐದು. ಹಾಗಾಗಿ ಲೆಕ್ಕಕ್ಕೆ ಸಿಗುವುದು ಎಚ್-1ಬಿ ಆದಮೇಲಿನ 92 ದಿನ ಮಾತ್ರ.

ಕ್ಯಾಲೆಂಡರ್ ವರ್ಷ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಾನು ಇಲ್ಲಿ ಇಳಿದದ್ದು ಡಿಸೆಂಬರ್ 27ಕ್ಕೆ. ಆ ಐದು ದಿನಕ್ಕೇ ನನ್ನ ಐದರಲ್ಲಿ ಒಂದು ವರ್ಷ ಹೋಯ್ತು. ಟಿಕೆಟ್ ಒಂದು ವಾರ ತಡವಾಗಿ ತೆಗೆದಿದ್ದರೆ ಸಾಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಪೇ ಸ್ಲಿಪ್ಪೂ ನೋಡಲು ಹೇಳು. ಜನವರಿಯಿಂದ ಸೆಪ್ಟೆಂಬರ್ ತನಕ ಸೋಶಿಯಲ್ ಸೆಕ್ಯುರಿಟಿ 6.2, ಮೆಡಿಕೇರ್ 1.45 ಪರ್ಸೆಂಟ್ (ಪಿಂಚಣಿ, ವೃದ್ಧರ ಆರೋಗ್ಯ ವಿಮೆಗೆ ಸಂಬಳದಿಂದ ಹಿಡಿಯುವ ತೆರಿಗೆ) ಹಿಡಿದಿದ್ದರೆ ಅದು ತಪ್ಪು, ಎಫ್-1ರ ನಾನ್‌ರೆಸಿಡೆಂಟ್‌ಗೆ ಅದು ಇಲ್ಲ. ನನ್ನ ಮೊದಲ ಕಂಪನಿ ಹಿಡಿದಿತ್ತು. ಮೊದಲು ಕಂಪನಿಯನ್ನೇ ಕೇಳಬೇಕು, ಅವರು ಕೊಡದಿದ್ದರೆ ದುಡ್ಡು ವಾಪಸ್ ಕೇಳುವ ಫಾರ್ಮ್ 843. ಅಕ್ಟೋಬರ್‌ನಿಂದ ಹಿಡಿದದ್ದು ಸರಿ.

ಉತ್ತರ 2 (ಕಾರವಾರ):

ತೋಟದ ವಿಷಯಕ್ಕೆ ಬರುತ್ತೇನೆ, ಜಾಸ್ತಿ ಜನ ಎಡವುವುದು ಇಲ್ಲೇ. ನಾನ್‌ರೆಸಿಡೆಂಟ್ ಆಗಿರುವಷ್ಟು ಕಾಲ ಊರಿನ ಅಡಿಕೆ ದುಡ್ಡನ್ನು ಅಮೆರಿಕ ಕೇಳುವುದಿಲ್ಲ. 2026ರಲ್ಲಿ ಎಚ್-1ಬಿಯಲ್ಲೇ ಅಲ್ಲಿ 183 ದಿನ ಇದ್ದರೆ ರೆಸಿಡೆಂಟ್. ಆಮೇಲೆ ಲೋಕದ ಯಾವ ಮೂಲೆಯ ಆದಾಯವನ್ನೂ ತೋರಿಸಬೇಕು. ನಮ್ಮಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅನ್ನುವುದು ಅಲ್ಲಿ ನಡೆಯುವುದಿಲ್ಲ. ಇಲ್ಲಿ ತೆರಿಗೆ ಕಟ್ಟಿರದ ಕಾರಣ ಅಲ್ಲಿ ವಜಾ ಮಾಡಿಸಿಕೊಳ್ಳಲೂ ಏನೂ ಇರುವುದಿಲ್ಲ. ಖರ್ಚು ಕಳೆಯಬಹುದು. ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗೌಡನ ಕೂಲಿ, ಗೊಬ್ಬರ, ಕೊಳೆ ರೋಗಕ್ಕೆ ಹೊಡೆದ ಮದ್ದು, ಎಲ್ಲದರ ಚೀಟಿ ಈ ವರ್ಷದಿಂದಲೇ ಎತ್ತಿಡಿ.

ರೆಸಿಡೆಂಟ್ ಆದಮೇಲೆ ಊರಿನ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅಂತ ಬೇರೆ ವರದಿ ಕೊಡಬೇಕು. ಜಂಟಿ ಖಾತೆಯಾದರೆ ಅರ್ಧ ಅಲ್ಲ, ಪೂರ್ತಿ ಮೊತ್ತವೇ ಲೆಕ್ಕ.

ಪ್ರಶ್ನೆ ಕೇಳಿದವರು:

ಅಕ್ಕ, ಕಾರವಾರದ ಅಣ್ಣ, ಇಬ್ಬರಿಗೂ ತುಂಬಾ ಉಪಕಾರ. ತಂಗಿಗೆ ಓದಿ ಹೇಳಿದೆ. ಪೇ ಸ್ಲಿಪ್ ತೆಗೆದು ನೋಡಿದಳು, ಒಂಬತ್ತೂ ತಿಂಗಳು ಹಿಡಿದಿದ್ದಾರೆ. ನಾಳೆ ಆಫೀಸಿನಲ್ಲಿ ಕೇಳುತ್ತಾಳೆ. ಏಪ್ರಿಲ್ 15ರೊಳಗೆ 1040-ಎನ್‌ಆರ್ ಹೋಗುತ್ತದೆ. ನಾನು ಅವಳ ಮುಕ್ಕಾಲು ಎಕರೆಗೆ ಬೇರೆಯೇ ಒಂದು ಲೆಕ್ಕದ ಪುಸ್ತಕ ಹಾಕಿದ್ದೇನೆ. ಕೊನೆ ಕೊಯ್ಲಿನ ಕೂಲಿ ಮೊದಲ ಸಾಲಿನಲ್ಲಿ ಬರೆದಾಯ್ತು.