ಅಭ್ರಕದ ಗ್ಲಾಸ್-ಸೆರಾಮಿಕ್‌: ಡ್ರಿಲ್ ಹಾಕಿದರೆ ಚೂರಾಗುತ್ತಿದೆ

ಪ್ರಶ್ನೆ
ಮೂರು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೇನೆ. ಸಾಮಾನ್ಯ ಡ್ರಿಲ್‌ನಲ್ಲೇ ತೂತು ಕೊರೆಯಬಹುದಾದ ಮೇಕಾರ್ (ಗಾಜಿನೊಳಗೆ ಅಭ್ರಕದ ಹರಳು ಬೆಳೆಸಿದ ಗ್ಲಾಸ್-ಸೆರಾಮಿಕ್) ತರಹದ ವಸ್ತು ಬೇಕು. ನೂರು ಗ್ರಾಂ ಗಾಜಿಗೆ ಸಿಲಿಕಾ 46, ಮೆಗ್ನೀಷಿಯಾ 17, ಅಲ್ಯೂಮಿನಾ 16, ಪೊಟ್ಯಾಷ್ 10, ಬೋರಾನ್ ಆಕ್ಸೈಡ್ 7, ಫ್ಲೋರಿನ್ 4 ಅಂತ ಲೆಕ್ಕ ಹಾಕಿದೆ. ಮುಚ್ಚಳ ಇಲ್ಲದ ಅಲ್ಯೂಮಿನಾ ಮೂಸೆಯಲ್ಲಿ 1450 ಡಿಗ್ರಿಗೆ 3 ಗಂಟೆ ಕರಗಿಸಿದೆ. ಆಮೇಲೆ ಹರಳು ಬೆಳೆಯಲಿ ಅಂತ 950ರಲ್ಲಿ 4 ಗಂಟೆ ಇಟ್ಟೆ. ಬಿಳಿಯಾಗಿದೆ, ನೋಡೋಕೆ ಚೆನ್ನಾಗಿದೆ. ಆದರೆ 3 ಮಿಮೀ ಕಾರ್ಬೈಡ್ ಬಿಟ್ ಕಿರುಚುತ್ತೆ, ಅಂಚು ಸಿಡಿಯುತ್ತೆ. ಎಕ್ಸ್‌ಆರ್‌ಡಿಯಲ್ಲಿ (ಯಾವ ಹರಳು ಇದೆ ಅಂತ ತೋರಿಸುವ ಎಕ್ಸ್-ರೇ ಪರೀಕ್ಷೆ) 8.9 ಡಿಗ್ರಿ ಹತ್ತಿರದ ಅಭ್ರಕದ ಪೀಕ್ ತೀರಾ ಚಿಕ್ಕದು. ಇನ್ನೂ ಜಾಸ್ತಿ ಹೊತ್ತು ಕಾಯಿಸಬೇಕಾ?

ಉತ್ತರ 1
ಮೊದಲು ಕರಗಿಸುವಾಗ ತೂಕ ಎಷ್ಟು ಇಳಿಯಿತು ನೋಡಿ. ಪೊಟ್ಯಾಷ್‌ಗೆ ಪೊಟ್ಯಾಸಿಯಂ ಕಾರ್ಬೊನೇಟ್, ಬೋರಾನ್ ಆಕ್ಸೈಡ್‌ಗೆ ಬೋರಿಕ್ ಆಸಿಡ್ ಹಾಕಿದ್ದರೆ ಒಂದರಿಂದ ಸುಮಾರು 4.7 ಗ್ರಾಂ ಇಂಗಾಲದ ಡೈಆಕ್ಸೈಡ್, ಇನ್ನೊಂದರಿಂದ 5.4 ಗ್ರಾಂ ನೀರು ಹೋಗಲೇಬೇಕು. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಬಹುಪಾಲು ಸಿಲಿಕಾನ್ ಟೆಟ್ರಾಫ್ಲೋರೈಡ್ ಅನ್ನೋ ಅನಿಲವಾಗಿ ಹಾರಿರುತ್ತೆ. ಅದರ ಮುಕ್ಕಾಲು ಭಾಗ ಫ್ಲೋರಿನ್ನೇ. ಫ್ಲೋರಿನ್ ಇಲ್ಲದೆ ಈ ಅಭ್ರಕ ಹುಟ್ಟೋದೇ ಇಲ್ಲ, ಎಷ್ಟು ಕಾಯಿಸಿದರೂ ಪ್ರಯೋಜನವಿಲ್ಲ. ಈ ಹೊಗೆ ಪ್ರಾಣಕ್ಕೆ ಅಪಾಯ, ಒಳ್ಳೆಯ ಎಕ್ಸಾಸ್ಟ್ ಇಲ್ಲದೆ ದಯವಿಟ್ಟು ಮತ್ತೆ ಕರಗಿಸಬೇಡಿ. ಇನ್ನೊಂದು, ಫ್ಲೋರೈಡ್ ಕರಗು ಅಲ್ಯೂಮಿನಾ ಮೂಸೆಯನ್ನೇ ತಿನ್ನುತ್ತೆ, ನಿಮ್ಮ ಲೆಕ್ಕ ಕೆಡುತ್ತೆ. ಸಾಧ್ಯವಾದರೆ ಪ್ಲಾಟಿನಂ ಮೂಸೆ, ಬಿಗಿ ಮುಚ್ಚಳ.

ಉತ್ತರ 2
ಕಾಯಿಸೋದರಲ್ಲೂ ಅವಸರ ಆಗಿದೆ. ಬಿಸಿ ಏರುವಾಗ ಗಾಜಿನಲ್ಲಿ ಮೊದಲು ಕಾಂಡ್ರೊಡೈಟ್, ಆಮೇಲೆ ನಾರ್ಬರ್ಗೈಟ್ (ಎರಡೂ ಮೆಗ್ನೀಷಿಯಂ, ಫ್ಲೋರಿನ್ ಇರುವ ಖನಿಜಗಳು), ಕೊನೆಗೆ ಅಭ್ರಕದ ಹರಳು ಬೆಳೆಯುತ್ತೆ. ನಿಧಾನವಾಗಿ ಏರಿಸಿ, ನಡುವೆ ನಿಲ್ಲಿಸಿ. ಹರಳಿನ ಹಾಳೆಗಳು ಒಂದಕ್ಕೊಂದು ಅಡ್ಡಡ್ಡ ಸಿಕ್ಕಿಕೊಂಡರೆ ಬಿರುಕು ದೂರ ಓಡಲ್ಲ, ಪಕ್ಕದ ಹಾಳೆಗೆ ತಿರುಗಿ ನಿಲ್ಲುತ್ತೆ. ಡ್ರಿಲ್ ಕೊರೆಯೋದು ಅದರಿಂದಲೇ. ಪರೀಕ್ಷೆ ಮಾಡುವಾಗ ತುಂಡಿನ ಕೆಳಗೆ ಒಂದು ಹಲಗೆ ಇಟ್ಟು ಬಿಗಿಯಿರಿ. ಬಿಟ್ ಹೊರಬರುವ ಕಡೆ ಸಿಡಿಯೋದು ಒಳ್ಳೆಯ ವಸ್ತುವಿನಲ್ಲೂ ಆಗುತ್ತೆ. ಒಂದೇ ಭಾರ, ಒಂದೇ ವೇಗ, ಹೊಸ ಬಿಟ್, ಒಂದು ನಿಮಿಷಕ್ಕೆ ಎಷ್ಟು ಆಳ ಅಂತ ಅಳೆಯಿರಿ. ಪುಡಿಯನ್ನೂ ನೋಡಿ. ನುಣ್ಣಗೆ ಬಂದರೆ ಅಭ್ರಕ, ಚೂಪಾದ ಚೂರು ಬಂದರೆ ಇನ್ನೂ ಗಾಜು.

ಪ್ರಶ್ನೆ ಕೇಳಿದವರು
ನೋಟ್‌ಬುಕ್ ತೆಗೆದು ನೋಡಿದೆ. 10.1 ಗ್ರಾಂ ಹೋಗಬೇಕಿತ್ತು, 13.4 ಹೋಗಿದೆ! ಅಂದರೆ ಫ್ಲೋರಿನ್ ಅರ್ಧಕ್ಕಿಂತ ಜಾಸ್ತಿ ಹಾರಿಹೋಗಿದೆ ಅಲ್ವಾ? ಪುಡಿಯೂ ಚೂರು ಚೂರೇ. ಈ ಸಲ ಫ್ಲೋರೈಡ್ ಬಿಟ್ಟು ಉಳಿದ ಸಾಮಗ್ರಿಯನ್ನೆಲ್ಲ ಮೊದಲೇ ಕಾಯಿಸಿ, ನೀರು, ಗ್ಯಾಸ್ ಹೋದ ಮೇಲೆ ಮೆಗ್ನೀಷಿಯಂ ಫ್ಲೋರೈಡ್ ಬೆರೆಸುತ್ತೇನೆ. ಪ್ಲಾಟಿನಂ ಮೂಸೆ ಎರವಲು ಕೇಳಿದ್ದೇನೆ. ಅದು ಸಿಗೋವರೆಗೆ ಕುಲುಮೆ ಹಚ್ಚಲ್ಲ.