ಬಿಟ್ಟಿ ಸೈಕಲ್ಲಿನ ಫಾರ್ವರ್ಡು

ಗುಂಪು: ಹೈಸ್ಕೂಲ್ 2010 ಬ್ಯಾಚ್

ಮಂಜ (ಫಾರ್ವರ್ಡ್): ಸರ್ಕಾರಿ ಹೈಸ್ಕೂಲ್ ಮಕ್ಕಳಿಗೆ ಸೈಕಲ್ ಬಿಟ್ಟಿ, ಊಟ ಬಿಟ್ಟಿ, ಹಾಲು ಬಿಟ್ಟಿ, ಮೊಟ್ಟೆ ಬಿಟ್ಟಿ. ಆದರೂ ಎಸ್ಸೆಸ್ಸೆಲ್ಸಿ ಫಲಿತಾಂಶ ಒಂದೇ ವರ್ಷದಲ್ಲಿ 83ರಿಂದ 73ಕ್ಕೆ! ನಾವು ಹಸಿದು ಓದಿದವರು. ಹೌದು ಅನ್ನುವವರು ಹತ್ತು ಗುಂಪಿಗೆ ಕಳಿಸಿ.

ಮಂಜ: ನೂರಕ್ಕೆ ನೂರು ನಿಜ 🙏

ನಾಗ: 👏👏

ಸವಿತಾ: ಹಸಿದು ಓದಿದವರು ಯಾರಪ್ಪಾ? ನೀನಾ?

ಮಂಜ: ಸುಮ್ನೆ ಬಂದ ಫಾರ್ವರ್ಡು ಕಣೇ. ಟೀಚರಮ್ಮನಿಗೆ ಕೋಪ ಬಂದುಬಿಟ್ಟಿತು.

ಸವಿತಾ: ಬಂದದ್ದು ಬಂತು, ಲೆಕ್ಕ ಕೇಳು. ಹೈಸ್ಕೂಲಿಗೆ ಬಿಸಿಯೂಟ ಬಂದದ್ದು 2007-08ರಲ್ಲಿ. ಅದಕ್ಕೆ ಮುಂಚೆ ಏಳನೇ ಕ್ಲಾಸಿಗೇ ಮುಗಿಯುತ್ತಿತ್ತು. ನಾವು ಎಂಟನೇ ಕ್ಲಾಸಿಗೆ ಸೇರಿದ್ದು ಯಾವಾಗ? ಅದೇ ವರ್ಷ. ಅಂದರೆ ಹೈಸ್ಕೂಲಿನ ಮೂರೂ ವರ್ಷ ಬಿಸಿಯೂಟ ತಿಂದ ಮೊದಲ ಬ್ಯಾಚೇ ನಮ್ಮದು. ಸಾಂಬಾರಿನಲ್ಲಿ ಸೋರೆಕಾಯಿ ಬಿಟ್ಟರೆ ಬೇರೆ ತರಕಾರಿ ಕಂಡ ನೆನಪಿಲ್ಲ, ಆದರೂ ನೀನು ತಟ್ಟೆ ತೊಳೆದ ಹಾಗೆ ಮಾಡಿ ಮತ್ತೆ ಸಾಲಿಗೆ ಬಂದು ನಿಲ್ಲುತ್ತಿದ್ದೆ.

ರೂಪಾ: ಸೋರೆಕಾಯಿ ಸಾಂಬಾರು 😂 ನನ್ನ ಗಂಡ ಇವತ್ತೇ ಸಂತೆಯಿಂದ ಅದನ್ನೇ ತಂದಿದ್ದಾರೆ.

ನಾಗ: ಸೈಕಲ್ಲೂ ಆಗಲೇ ಅಲ್ವಾ?

ಸವಿತಾ: ಯೋಜನೆ ಶುರುವಾದದ್ದು 2006-07ರಲ್ಲಿ, ನಮಗೆ ಸಿಕ್ಕಿದ್ದು ಅದರ ಮರುವರ್ಷ. ಈಗ ಎಲ್ಲಿದೆ ಬಿಟ್ಟಿ ಸೈಕಲ್? ಕೊರೊನಾ ವರ್ಷ ನಿಂತದ್ದು. ನಮ್ಮ ಶಾಲೆಗೆ ಐದು ಕಿಲೋಮೀಟರ್ ನಡೆದು ಬರುವ ಹುಡುಗರಿದ್ದಾರೆ, ಮೊದಲ ಪೀರಿಯಡ್ಡು ಅರ್ಧ ಆಗಿರುತ್ತೆ ಅವರು ಬರುವಷ್ಟರಲ್ಲಿ. ಹುಡುಗಿಯರಿಗೆ 2023ರಿಂದ ಸರ್ಕಾರಿ ಬಸ್ಸು ಬಿಟ್ಟಿ, ಸರಿ. ಆದರೆ ಆ ಊರಿಗೆ ಬೆಳಿಗ್ಗೆ ಇರುವುದೇ ಒಂದು ಬಸ್ಸು. ಅದು ಕೈಕೊಟ್ಟರೆ ಅವತ್ತು ಸ್ಕೂಲಿಲ್ಲ.

ಮಂಜ: ಸರಿ, ಸೈಕಲ್ ಬಿಡು. 73 ಸುಳ್ಳಾ?

ಸವಿತಾ: ನಿಜ. 2023ರಲ್ಲಿ 83.89, 2024ರಲ್ಲಿ 73.40. ಆ ಅಂಕಿ ಇಡೀ ರಾಜ್ಯದ್ದು, ಖಾಸಗಿ ಶಾಲೆ ಮಕ್ಕಳೂ ಅದರಲ್ಲೇ ಇದ್ದಾರೆ. ಅವರಿಗೆ ಯಾರು ಮೊಟ್ಟೆ ಕೊಟ್ಟರು? ಆ ವರ್ಷ ಪರೀಕ್ಷೆ ಕೋಣೆಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗು, ಅಂದರೆ ಅಧಿಕಾರಿಗಳು ದೂರದಲ್ಲೇ ಕೂತು ನೇರವಾಗಿ ನೋಡುವುದು. ಕೃಪಾಂಕ 10 ಪರ್ಸೆಂಟಿನಿಂದ 20ಕ್ಕೆ ಏರಿಸಿದರೂ ಅಷ್ಟೇ ಬಂದದ್ದು. ಕಿಟಕಿಯಿಂದ ಚೀಟಿ ಬರುವುದು ನಿಂತಿತು ಕಣಪ್ಪಾ, ಮೊಟ್ಟೆ ತಿಂದು ಯಾರೂ ಫೇಲಾಗಲಿಲ್ಲ.

ಮಂಜ: ನಮ್ಮ ಕಾಲದಲ್ಲಿ ಚೀಟಿಗೀಟಿ ಇರಲಿಲ್ಲ.

ರೂಪಾ: ಗಣಿತದ ದಿನ ನಿನ್ನ ಸಾಕ್ಸಿನಲ್ಲಿ ಏನಿತ್ತು?

ನಾಗ: ಈ ಸಂದೇಶವನ್ನು ಅಳಿಸಲಾಗಿದೆ

ರೂಪಾ: ಅಳಿಸಿದರೂ ಓದಿಕೊಂಡೆ 😂

ಮಂಜ: ತಮಾಷೆ ಸಾಕು. ನನ್ನ ಅಕ್ಕನ ಮಗ ಸರ್ಕಾರಿ ಹೈಸ್ಕೂಲಿನಲ್ಲೇ ಒಂಬತ್ತನೇ ಕ್ಲಾಸು. ಮೊನ್ನೆ ಪೇಪರ್ ಕೊಟ್ಟು ಓದೋ ಅಂದೆ, ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಡುತ್ತಾನೆ, ‘ವ್ಯವಸ್ಥೆ’ ಅನ್ನುವ ಪದ ದಾಟುವಷ್ಟರಲ್ಲಿ ನನಗೇ ಬೆವರು ಬಂತು. ಗಣಿತಕ್ಕೆ ಮೇಷ್ಟ್ರಿಲ್ಲ, ಅತಿಥಿ ಶಿಕ್ಷಕರು ಬಂದದ್ದೇ ಆಗಸ್ಟಿನಲ್ಲಂತೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಸವಿತಾ: ಇದನ್ನು ಬರೆದಿದ್ದರೆ ನಾನೇ ಹತ್ತು ಗುಂಪಿಗೆ ಕಳಿಸುತ್ತಿದ್ದೆ. ಓದಲು ಬಾರದವರು ನನ್ನ ಕ್ಲಾಸಿನಲ್ಲೂ ಇದ್ದಾರೆ, ಯಾಕೆ ಮುಚ್ಚಿಡಲಿ. 2025ರಲ್ಲಿ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತಲ್ಲ, ಆಗ ನಾವು ಟೀಚರುಗಳು ಮೊಬೈಲ್ ಹಿಡಿದು ಜಾತಿ ಸಮೀಕ್ಷೆ ಅಂತ ಮನೆಮನೆ ಬಾಗಿಲು ತಟ್ಟುತ್ತಿದ್ದೆವು. ಹತ್ತನೇ ಕ್ಲಾಸಿನವರ ಪಾಠ ಆಮೇಲೆ ಓಡಿಸಿದ್ದು, ಮಾಡಿದ್ದಲ್ಲ. ಅದರ ಬಗ್ಗೆ ಒಂದು ಫಾರ್ವರ್ಡೂ ಬರಲಿಲ್ಲ. ಮೊಟ್ಟೆದು ಮಾತ್ರ ವಾರಕ್ಕೊಂದು ಬರುತ್ತೆ. ಬೈಯುವುದಾದರೆ ಬೈ, ಆದರೆ ತಿಂದ ತಟ್ಟೆಗೆ ಬೈಬೇಡ. ನಿನಗೂ ಸೈಕಲ್ ಕೊಟ್ಟಿದ್ದರು.

ಮಂಜ: ನನಗೆ ಕೊಟ್ಟಿರಲಿಲ್ಲ.

ಸವಿತಾ: ಹೋಗೋ. ಫೋಟೋದಲ್ಲಿ ಸೈಕಲ್ ಹಿಡಿದು ನಿಂತಿದ್ದೀಯ.

ಮಂಜ: ಅದು ನಾಗನ ಸೈಕಲ್. ನಾನು ಹಾಸ್ಟೆಲ್ ಹುಡುಗ. ಹಾಸ್ಟೆಲಿನವರಿಗೆ, ಬಸ್ ಪಾಸ್ ಇದ್ದವರಿಗೆ ಸೈಕಲ್ ಇರಲಿಲ್ಲ. ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದಿದ್ದವು, ಎರಡು ದಿನ ಮೈದಾನದಲ್ಲಿ ಕೂತು ಜೋಡಿಸಿದರು, ನಾನೂ ಸ್ಪ್ಯಾನರು ನಟ್ಟು ಎತ್ತಿ ಕೊಡುತ್ತಿದ್ದೆ, ನನಗೂ ಒಂದು ಸಿಗುತ್ತೆ ಅಂದುಕೊಂಡು. ಹೆಸರು ಕೂಗುವ ಹೊತ್ತಿಗೆ ನಮ್ಮನ್ನು ಗೋಡೆ ಕಡೆ ನಿಲ್ಲಿಸಿದರು. ಮೂರು ವರ್ಷ ಇವನ ಕ್ಯಾರಿಯರ್ ಮೇಲೆ ಕೂತೆ.

ನಾಗ: ಏರು ಬಂದಾಗ ಇಳಿಯೋ ಅಂದರೂ ಇಳಿಯುತ್ತಿರಲಿಲ್ಲ.

ಸವಿತಾ: ಗೊತ್ತಿರಲಿಲ್ಲ ಕಣೋ. ನಿಜವಾಗಿ.

ಸವಿತಾ: ಆದರೂ ಫಾರ್ವರ್ಡು ತಪ್ಪೇ.

ಮಂಜ: ಹಾಸ್ಟೆಲ್ ಊಟವೂ ಬಿಟ್ಟಿಯೇ ಅಲ್ವಾ ಅಂತೀಯ ಮುಂದೆ. ಗೊತ್ತು ಬಿಡು. ಇಲ್ಲಿಂದ ಅಳಿಸುತ್ತೇನೆ, ಆದರೆ ಆಗಲೇ ನಾಲ್ಕು ಗುಂಪಿಗೆ ಹಾಕಿಬಿಟ್ಟಿದ್ದೇನೆ.

ರೂಪಾ: ಅಲ್ಲೂ ಅಳಿಸು. ನಾಗ, ಆ ಸೈಕಲ್ ಇದೆಯೇನೋ ಇನ್ನೂ?

ನಾಗ: ಇದೆ. ಅಪ್ಪ ಡೈರಿಗೆ ಹಾಲು ಹಾಕಲು ಅದರಲ್ಲೇ ಹೋಗುತ್ತಾರೆ. ಕ್ಯಾರಿಯರ್ ಮಾತ್ರ ಹೊಸದು, ಹಳೇದನ್ನು ಮಂಜ ಕೂತು ಕೂತು ಬಗ್ಗಿಸಿದ್ದ.